ದೊಡ್ಡಮ್ಮನ ಪಾಲಿನ ಚಾದರಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ತಾಯಿಗೆ, ಮಗಳು ಯೂನಿವರ್ಸಿಟಿಯಲ್ಲಿ ಓದುವ ಸಾಂಸ್ಕೃತಿಕ ಮಾನವಶಾಸ್ತ್ರ ಎಂದರೇನೆಂದು ಪೂರ್ತಿ ತಲೆಗೆ ಹತ್ತಿರಲಿಲ್ಲ. ಈಗಿನ ಜನ ಯಾಕೆ ಒಬ್ಬರಿಗೊಬ್ಬರು ಆಗುವುದಿಲ್ಲ, ಯಾಕೆ ಒಂಟಿಯಾಗುತ್ತಿದ್ದಾರೆ ಎಂದು ಅವರ ನಡುವೆಯೇ ಕೂತು ನೋಡಿ ತಿಳಿಯುವ ವಿದ್ಯೆ ಎಂದಿದ್ದಳು ಮಗಳು. ನೋಡುವುದಾದರೆ ನಮ್ಮಲ್ಲಿಗೇ ಬಾ ಎಂದು ತಾಯಿಯೇ ಮ್ಯಾನೇಜರನನ್ನು ಕಾಡಿ ಬೇಡಿ ಒಪ್ಪಿಸಿದಳು. ಮಗಳು ಇಸ್ತ್ರಿ ಹಾಲಿನ ಮೂಲೆಯಲ್ಲಿ ಸ್ಟೂಲು ಹಾಕಿ ಕೂತಳು. ನಮ್ಮ ಮುಖದ ಮೇಲೇನು ಸಿನಿಮಾ ಓಡ್ತಿದೆಯೇನೇ ಎಂದು ಹೆಂಗಸರು ಮೊದಮೊದಲು ಕಾಲೆಳೆದರು. ಆಮೇಲೆ ಅವಳು ಇದ್ದಾಳೆಂಬುದನ್ನೇ ಮರೆತರು.

ಮರೆತದ್ದೇ ಎಡವಟ್ಟಾಯಿತು. ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯಳಿಗೆ ಈಚೆಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಅಕ್ಕಪಕ್ಕದವರು ತುಟಿಪಿಟಕ್ಕೆನ್ನದೆ ಅವಳ ರಾಶಿಯಿಂದ ಚಾದರ ಎಳೆದುಕೊಂಡು ಇಸ್ತ್ರಿ ಮಾಡಿ, ಲೆಕ್ಕಕ್ಕೆ ಅವಳ ಚೀಟಿಯನ್ನೇ ಸಿಕ್ಕಿಸಿ ವಾಪಸಿಡುತ್ತಿದ್ದರು. ಅವಳು ಕೇಳುತ್ತಿರಲಿಲ್ಲ, ಇವರು ಹೇಳಿಕೊಳ್ಳುತ್ತಿರಲಿಲ್ಲ. ಮಗಳ ಪ್ರಬಂಧ ನಿಂತದ್ದೇ ಇದರ ಮೇಲೆ. ಅದನ್ನು ಓದುವ ದಿನ, ಒಪ್ಪಿಗೆ ಕೊಟ್ಟ ಉಪಕಾರಕ್ಕೆಂದು ವಿಭಾಗದವರು ಮ್ಯಾನೇಜರನನ್ನೂ ಕರೆದಿದ್ದರು.

ಅವತ್ತು ಬೆಳಿಗ್ಗೆ ಮಗಳು ತಲೆ ಬಾಚಿಕೊಳ್ಳುತ್ತಾ ಇದನ್ನೆಲ್ಲ ಹೇಳಿದಾಗ, ಬುತ್ತಿ ಕಟ್ಟುತ್ತಿದ್ದ ತಾಯಿಯ ಕೈ ನಿಂತಿತು.

"ಹೆಸರು ಎಲ್ಲೂ ಹಾಕಿಲ್ಲಮ್ಮ," ಎಂದಳು ಮಗಳು.

"ಹೆಸರು ಯಾಕೆ ಬೇಕೇ? ಬೆರಳು ಮಡಚೋಕೆ ಬಾರದೋರು ಅಲ್ಲಿ ಇನ್ನೆಷ್ಟು ಜನ ಇದ್ದಾರೆ? ನಾಳೇನೇ ಅವಳನ್ನ ಮನೆಗೆ ಕಳಿಸ್ತಾನೆ ಆ ಮ್ಯಾನೇಜರ್."

ಮನುಷ್ಯರು ಇನ್ನೂ ಹೀಗಿದ್ದಾರೆಂದು ಜನಕ್ಕೆ ಗೊತ್ತಾಗಬೇಡವೇ ಎಂದು ಮಗಳು ವಾದಿಸಿದಳು. ತಾಯಿ ಬುತ್ತಿಯ ಮುಚ್ಚಳ ಹಾಕಿದಳು. ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು. ಅಲ್ಲಿ ಕಣ್ಣೆಲ್ಲ ದೊಡ್ಡಮ್ಮನ ಮೇಜಿನ ಮೇಲೇ. ಒಂದು ಚಾದರ ಸುಟ್ಟಳು. ಮನಸ್ಸೆಲ್ಲಿಟ್ಟಿದ್ದೀಯೇ ಎಂದು ದೊಡ್ಡಮ್ಮ ಕೇಳಿದರೆ, ತಲೆನೋವು ಎಂದು ಸುಳ್ಳು ಹೇಳಿದಳು.

ಮಧ್ಯಾಹ್ನ ಕಳೆದ ಮೇಲೆ ಮ್ಯಾನೇಜರ್ ಯೂನಿವರ್ಸಿಟಿಯಿಂದ ಬಂದು ಹಾಲಿನ ಬಾಗಿಲಲ್ಲಿ ನಿಂತ. ತಾಯಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಯಾರು ಎಲ್ಲಿ ಕೂತು ಟೀ ಕುಡಿಯುತ್ತಾರೆ ಅನ್ನುವುದನ್ನೇ ನಿಮ್ಮ ಮಗಳು ಅಷ್ಟುದ್ದ ಎಳೆದಳಮ್ಮಾ, ನನಗಂತೂ ನಿದ್ದೆ ಬಂತು ಎಂದು ನಕ್ಕು ತನ್ನ ರೂಮಿಗೆ ಹೋದ.

ಸಂಜೆ ಮನೆಗೆ ಬಂದರೆ ಮಗಳು ಮುಖ ಊದಿಸಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಚಾದರದ ಮಾತೆಲ್ಲ ಹೊಡೆದುಹಾಕಿ ಓದಿದ ಪ್ರಬಂಧದಲ್ಲಿ ಹುರುಳೇ ಇಲ್ಲವೆಂದು ಮೇಷ್ಟ್ರು ವಾಪಸ್ ಕೊಟ್ಟಿದ್ದರು. ಬೇರೆ ಜಾಗ ಹುಡುಕಿ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

"ಇನ್ನೊಂದು ವರ್ಷ ಹಿಡಿಯುತ್ತಮ್ಮ."

"ಹಿಡೀಲಿ. ಓದು ಬಿಡು ಅಂತ ನಾನೇನಾದ್ರೂ ಅಂದ್ನಾ?" ಎಂದಳು ತಾಯಿ. ಇನ್ನು ಮೇಲೆ ನಮ್ಮ ಹಾಲಿನ ಕಡೆ ಮಾತ್ರ ತಲೆ ಹಾಕಬೇಡ ಎಂದೂ ಸೇರಿಸಿದಳು.