ದಂತವೈದ್ಯೆ ಬೇಡದ ಮನೆ

ಮೂರು ವರ್ಷ ಹಲ್ಲಿನ ವೈದ್ಯರೇ ಇಲ್ಲದ ನಮ್ಮ ಆಲ್ಮೋಸ್ ಊರಿಗೆ ಕೊನೆಗೂ ಹೆಡ್ವಿಗ್ ಬಂದಳು. ಅವಳು ಇರುವುದೆಲ್ಲಿ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಪುರಸಭೆಯ ಬಾಡಿಗೆ ಮನೆಗಳ ಸರದಿಯಲ್ಲಿ ಅವಳದು ಇನ್ನೂರ ಹದಿನಾಲ್ಕನೆಯ ಸ್ಥಾನ.

"ಏಳು ವರ್ಷ ಆಗ್ಬಹುದು," ಅಂದಿದ್ದಳಂತೆ ಕಚೇರಿಯವಳು. "ಯಾರಾದ್ರೂ ಸತ್ರೆ ಸ್ವಲ್ಪ ಬೇಗ."

ಹೆಡ್ವಿಗ್ ಚಿಕಿತ್ಸಾಲಯದ ಹಲ್ಲು ಕೀಳುವ ಕುರ್ಚಿಯಲ್ಲೇ ಮಲಗತೊಡಗಿದಳು. ಸಹಾಯಕಿಯಾದ ನಾನು ಬೆಳಿಗ್ಗೆ ಬಂದು, ಗುಂಡಿ ಒತ್ತಿ, ಅವಳನ್ನು ಎಬ್ಬಿಸಿ ಕೂರಿಸುತ್ತಿದ್ದೆ. ಮೊದಲ ರೋಗಿ ಬರುವಷ್ಟರಲ್ಲಿ ದಿಂಬನ್ನು ಕಪಾಟಿಗೆ ತುರುಕಬೇಕಿತ್ತು.

ಬಾಡಿಗೆಗೆ ಮನೆ ಬೇಕೆಂದು ಅವಳು ಅಂಗಡಿಯ ಫಲಕದಲ್ಲಿ ಚೀಟಿ ಅಂಟಿಸಿದ ಹತ್ತನೆಯ ದಿನ ಗುನ್ನೆಲ್ ಎಂಬ ಹಿರಿಯ ಹೆಂಗಸು ಫೋನ್ ಮಾಡಿದರು. ಅವರ ಅಣ್ಣ ಸಿಕ್ಸ್ಟೆನ್ ಮನೆಯ ಮೇಲ್ಮಹಡಿ ಖಾಲಿಯಿತ್ತು.

"ಭಾನುವಾರ ಮೂರಕ್ಕೆ ಬಾಮ್ಮ. ನಿನ್ನ ಕೆಲಸದ ವಿಷಯ ಮಾತ್ರ ಅವನ ಹತ್ರ ಎತ್ಬೇಡ."

ಹೆಡ್ವಿಗ್ ನನ್ನನ್ನೂ ಎಳೆದುಕೊಂಡು ಹೋದಳು. ಎರಡು ನಿಮಿಷ ಮುಂಚೆಯೇ ತಲುಪಿ, ಗೇಟಿನ ಹೊರಗೆ ನಿಂತು, ಮೂರಕ್ಕೆ ಸರಿಯಾಗಿ ಗಂಟೆ ಒತ್ತಿದೆವು. ಗುನ್ನೆಲ್ ಕಾಫಿ, ಏಲಕ್ಕಿ ಬನ್ನು ತಂದಿಟ್ಟರು. ಎಪ್ಪತ್ತೈದರ ಸಿಕ್ಸ್ಟೆನ್ ಬಾಯಿಗೆ ಅಂಗೈ ಮರೆಮಾಡಿಕೊಂಡೇ ಮಾತಾಡುತ್ತಿದ್ದರು. ಬನ್ನನ್ನು ಕಾಫಿಯಲ್ಲಿ ನೆನೆಸಿ ಎಡದವಡೆಗೆ ಸರಿಸುತ್ತಿದ್ದರು. ಮಹಡಿ ತೋರಿಸಿ, ಕೀಲಿಕೈಯನ್ನೂ ಅವಳ ಮುಂದೆ ಮೇಜಿನ ಮೇಲಿಟ್ಟರು.

"ಏನ್ ಕೆಲಸ ಮಾಡ್ತೀಯಮ್ಮ?"

"ಬಾಯಿಗೆ ಸಂಬಂಧಪಟ್ಟಿದ್ದು," ಅಂದಳು ಹೆಡ್ವಿಗ್.

"ಹಾಡ್ತೀಯಾ? ನಮ್ಮ ಚರ್ಚಿನ ಗಾಯನ ತಂಡದಲ್ಲಿ ಹೆಣ್ಣು ದನಿಗಳೇ ಸಾಲ್ದು."

ಅವರ ಖುಷಿ ನೋಡಿ ಅವಳಿಗೆ ಸುಳ್ಳು ಮುಂದುವರಿಸಲಾಗಲಿಲ್ಲ. "ಇಲ್ಲ. ನಾನು ಹಲ್ಲಿನ ಡಾಕ್ಟ್ರು."

ಸಿಕ್ಸ್ಟೆನ್ ಕೀಲಿಕೈಯನ್ನು ಮೆಲ್ಲನೆ ಎತ್ತಿ ಜೇಬಿಗಿಳಿಸಿದರು. "ಮಹಡಿ ಖಾಲಿ ಇಲ್ಲ."

"ಯಾರಿದಾರೋ ಅಲ್ಲಿ?" ಗುನ್ನೆಲ್ ಕೇಳಿದರು.

"ನಾನೇ ಇರ್ತೀನಿ."

"ಕೆಳಗೆ?"

"ಕೆಳಗೂ ನಾನೇ."

ಹೊರಡಲೆಂದು ನಾನು ಕೋಟಿಗೆ ಕೈಹಾಕಿದೆ. ಹೆಡ್ವಿಗ್ ಏಳಲಿಲ್ಲ. "ಯಾರು ನಿಮ್ಮನ್ನ ಅಷ್ಟು ನೋಯಿಸಿದ್ದು?" ಎಂದು ಮೆತ್ತಗೆ ಕೇಳಿದಳು.

ಮುದುಕರು ಅಂಗೈ ಮರೆಯಲ್ಲೇ ಬಾಯಿಬಿಟ್ಟರು. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದಿದ್ದ ವೈದ್ಯ. ಕೈಕಾಲು ಹಿಡಿಯಲು ಇಬ್ಬರು. ಕಿತ್ತದ್ದು ಒಳ್ಳೆಯ ಹಲ್ಲು.

"ನಂಗೂ ಹೇಳ್ಲಿಲ್ವಲ್ಲೋ," ಅಂದರು ಗುನ್ನೆಲ್.

"ನೀನು ಕೇಳಿದ್ದು ಯಾವಾಗ? ಬರೀ ಬೈತಿದ್ದೆ."

ಹೆಡ್ವಿಗ್ ಬಟ್ಟಲು ಕೆಳಗಿಟ್ಟಳು. "ನಂಗೂ ಚಿಕ್ಕೋಳಿದ್ದಾಗ ಅಂಥೋನೊಬ್ಬ ಸಿಕ್ಕಿದ್ದ. ಅವನ ಬೆರಳು ಕಚ್ಬಿಟ್ಟೆ."

"ಜೋರಾಗಿ?"

"ಮೂರು ಹೊಲಿಗೆ ಬಿತ್ತು."

ಸಿಕ್ಸ್ಟೆನ್ ನಕ್ಕರು. ಅಂಗೈ ಮರೆತು, ಬಾಯಿ ಪೂರ್ತಿ ತೆರೆದು ನಕ್ಕರು. ಕುತೂಹಲ ತಡೆಯಲಾರದೆ ನಾನು ಅವರ ಬಾಯೊಳಗೆ ಇಣುಕಿದೆ. ಹೆಡ್ವಿಗ್ ಮಾತ್ರ ಮುಖ ತಿರುಗಿಸಿ ಕಿಟಕಿಯಾಚೆಯ ಸೇಬಿನ ಮರ ನೋಡುತ್ತಿದ್ದಳು. ಮುದುಕರು ಅದನ್ನು ಗಮನಿಸಿದರು. ಕೀಲಿಕೈ ಮತ್ತೆ ಮೇಜಿನ ಮೇಲೆ ಬಂತು.

ಮಂಗಳವಾರವೇ ಅವಳು ಅಲ್ಲಿಗೆ ವಾಸಕ್ಕೆ ಹೋದಳು. ಈಗ ಸಿಕ್ಸ್ಟೆನ್ ದಿನಾ ಬೆಳಿಗ್ಗೆ ಅವಳ ಜೊತೆ ಚಿಕಿತ್ಸಾಲಯದ ಬಾಗಿಲವರೆಗೆ ನಡೆದು ಬರುತ್ತಾರೆ. ಮೊನ್ನೆ ಒಳಗೂ ಬಂದರು. ರೋಗಿಗಳು ಕಾಯುವ ಕೋಣೆಯಲ್ಲಿ ಕೋಟು ಬಿಚ್ಚದೆ ಕಾಲು ಗಂಟೆ ಕೂತು, ಪತ್ರಿಕೆ ಓದಿ, ನನಗೊಂದು ನಮಸ್ಕಾರ ಹೇಳಿ ಎದ್ದುಹೋದರು.