ಅಂಬಿಗನಿಗೆ ಕೊಟ್ಟ ಮೊದಲ ಸಾಲು

ಹಗಲೆಲ್ಲ ಕನ್ನಡಕದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಆ ಮನುಷ್ಯನನ್ನು ಅಂಗಡಿಯಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟವರಲ್ಲ. ಆದರೆ ಟೀವಿ ಪರದೆಯ ಮೇಲೆ ಜಟ್ಟಿಗಳನ್ನು ಕಾದಾಡಿಸುವ ಒಂದು ಫೈಟಿಂಗ್ ಗೇಮ್ ಆಡುವವರ ನಡುವೆ ಅವನು ಮೇಷ್ಟ್ರು. ಆ ಆಟದ ಮೂವತ್ತೆರಡು ಜಟ್ಟಿಗಳಲ್ಲಿ ಯಾರು ಗಟ್ಟಿ, ಯಾರು ಟೊಳ್ಳು ಎಂದು ಅಳೆದು, ಐದು ಸಾಲಿನ ಟಿಯರ್ ಲಿಸ್ಟ್ ಮಾಡಿ ಮೂರು ತಿಂಗಳಿಗೊಮ್ಮೆ ಇಂಟರ್ನೆಟ್ಟಿಗೆ ಹಾಕುತ್ತಿದ್ದ. ಮೊದಲ ಸಾಲಿನಲ್ಲಿ ಬಲಶಾಲಿಗಳು, ಐದನೆಯದರಲ್ಲಿ ಯಾರೂ ಮೂಸಿ ನೋಡದ ಬಡಪಾಯಿಗಳು. ಸಾವಿರಾರು ಜನ ಅದನ್ನು ನೋಡಿಯೇ ತಮ್ಮ ಜಟ್ಟಿಯನ್ನು ಆರಿಸಿಕೊಳ್ಳುತ್ತಿದ್ದರು. ತೀರ ಬಲಿತ ಜಟ್ಟಿಯ ಬಲ ತಗ್ಗಿಸಲು ಆಟ ತಯಾರಿಸುವ ಕಂಪನಿಯವರೂ ಅದರ ಮೇಲೆ ಒಂದು ಕಣ್ಣಿಟ್ಟಿದ್ದರು, ಅದು ಮೇಷ್ಟ್ರಿಗೂ ಚೆನ್ನಾಗಿ ಗೊತ್ತಿತ್ತು.

ಅವನ ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎಂಥ ಪುಕ್ಕಲರಿಗೂ ನೋವಾಗದಂತೆ ಸೂಜಿ ಚುಚ್ಚುವ ಕೈ ಅವಳದು. ಆಟದಲ್ಲಿ ಅವಳು ಹಿಡಿದಿದ್ದು ಅಂಬಿಗ ಎಂಬ ಜಟ್ಟಿಯನ್ನು. ಉದ್ದನೆಯ ಹುಟ್ಟು ಹಿಡಿದು ಆಮೆಯ ಹಾಗೆ ನಡೆಯುವ ಮುದುಕ ಅವನು. ನಾಲ್ಕು ವರ್ಷದಿಂದ ಅಣ್ಣನ ಪಟ್ಟಿಯ ಐದನೆಯ ಸಾಲು ಬಿಟ್ಟು ಅಲುಗಾಡಿರಲಿಲ್ಲ.

“ಬೇರೆ ಯಾರನ್ನಾದ್ರೂ ಹಿಡ್ಕೊಳೇ,” ಎಂದು ಅಣ್ಣ ರೇಗಿಸುತ್ತಿದ್ದ. “ನಿನ್ನ ಮುದುಕ ಕೈಯೆತ್ತೋಷ್ಟರಲ್ಲಿ ನಾನು ಊಟ ಮಾಡಿ ಕೈ ತೊಳ್ಕೊಂಡು ಬರ್ತೀನಿ.”

“ನಿನ್ನ ಪಟ್ಟಿ ನೋಡ್ಕೊಂಡು ನಾನು ಆಡಲ್ಲಣ್ಣ,” ಎನ್ನುತ್ತಿದ್ದಳು ಅವಳು.

ಒಂದು ಭಾನುವಾರ ಮಧ್ಯಾಹ್ನ ಅವನನ್ನು ಎಳೆದು ಕೂರಿಸಿ, ಎರಡನೆಯ ಕಂಟ್ರೋಲರ್ ಕೈಗೆ ಕೊಟ್ಟಳು. ಮೊದಲ ಏಟಿಗೇ ಅಣ್ಣನ ಜಟ್ಟಿ ಬಿದ್ದ. ಏಳಲು ನೋಡಿದ, ಆಗಲಿಲ್ಲ. ಮತ್ತೆ ನೋಡಿದ, ಆಗಲೂ ಇಲ್ಲ. ಹುಟ್ಟು ನೆಲಕ್ಕೆ ಬಡಿದ ಕ್ಷಣದಲ್ಲೇ, ಅದು ಮೇಲೇಳುವ ಮೊದಲು, ಇನ್ನೊಂದು ಗುಂಡಿ ಒತ್ತಿದರೆ ಅದು ಮತ್ತೆ ಬೀಸುತ್ತದೆ, ಬಿದ್ದವನು ಏಳುವಂತಿಲ್ಲ. ಕೂದಲೆಳೆಯಷ್ಟು ತಡವಾದರೆ ಅಂಬಿಗ ತಾನೇ ಮುಗ್ಗರಿಸುತ್ತಾನೆ. ಡ್ಯೂಟಿ ಮುಗಿಸಿ ಬಂದು ಎಂಟು ತಿಂಗಳು ಅವಳು ಅದೊಂದನ್ನೇ ಸಾಧಿಸಿದ್ದಳು.

“ನಿಂಗೊಬ್ಬನಿಗೇ ತೋರಿಸಿರೋದು. ಟೂರ್ನಮೆಂಟ್ ಮುಗಿಯೋವರೆಗೂ ಬಾಯಿ ಬಿಡಬೇಡ.”

“ಬಿಡ್ತೀನಾ?” ಎಂದ ಅಣ್ಣ.

ಬಿಟ್ಟ. ಟೂರ್ನಮೆಂಟಿಗೆ ಏಳು ವಾರವಿತ್ತು, ಹೊಸ ಪಟ್ಟಿಗೆ ಹತ್ತೇ ದಿನ. ಮೇಷ್ಟ್ರು ಹಳಸಿಹೋದರು, ಹೊಸದೇನೂ ಹೇಳುತ್ತಿಲ್ಲ ಎಂದು ಯಾರೋ ಬರೆದಿದ್ದು ಅವನನ್ನು ಚುಚ್ಚುತ್ತಿತ್ತು. ಗೊತ್ತಿದ್ದೂ ಅಂಬಿಗನನ್ನು ಕೆಳಗಿಟ್ಟರೆ ಪಟ್ಟಿಯೇ ಸುಳ್ಳಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಜ ಏನೆಂದರೆ ಎಲ್ಲರಿಗಿಂತ ಮೊದಲು ತಾನೇ ಹೇಳಬೇಕಿತ್ತು. ಮುದುಕನನ್ನು ಎತ್ತಿ ಮೊದಲ ಸಾಲಿಗೆ ಹಾಕಿದ. ಯಾವ ಗುಂಡಿ, ಯಾವ ಕ್ಷಣ, ಎಲ್ಲ ಬಿಡಿಸಿ ಬರೆದ. ಕಂಡುಹಿಡಿದವಳು ನನ್ನ ತಂಗಿ ಎಂದು ದಪ್ಪಕ್ಷರದಲ್ಲಿ ಅವಳ ಹೆಸರನ್ನೂ ಸೇರಿಸಿದ. ಅದು ಅವಳಿಗೆ ಕೊಟ್ಟ ಉಡುಗೊರೆ ಎಂದುಕೊಂಡ ಮಹಾರಾಯ. ಒಂದೇ ಒಂದು ಪಟ್ಟಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

“ಹೇಳಬೇಡ ಅಂದಿದ್ದೆ,” ಎಂದಳು ತಂಗಿ.

“ನಿನ್ನ ಹೆಸರು ಹಾಕಿದೀನಲ್ಲ.”

“ಹೆಸರು ಯಾರು ಕೇಳಿದ್ರು?”

ಎರಡು ವಾರ ಎಲ್ಲಿ ನೋಡಿದರೂ ಅಂಬಿಗನೇ. ಸೋತವರು ಕಂಪನಿಗೆ ದೂರಿನ ಮೇಲೆ ದೂರು ಬರೆದರು. ಮೂರನೆಯ ವಾರ ಕಂಪನಿಯ ಅಪ್‌ಡೇಟ್ ಬಂತು. ಅದರಲ್ಲಿ ಅಂಬಿಗನ ಬಗ್ಗೆ ಇದ್ದುದು ಒಂದೇ ವಾಕ್ಯ: ನೆಲಕ್ಕೆ ಬಡಿದ ಹುಟ್ಟು ಇನ್ನು ಮುಂದೆ ತುಸು ಹೆಚ್ಚು ಹೊತ್ತು ನೆಲದಲ್ಲೇ ಇರುತ್ತದೆ. ಅಷ್ಟರಲ್ಲಿ ಬಿದ್ದವನು ಎದ್ದಿರುತ್ತಾನೆ, ಆತುರಪಟ್ಟು ಗುಂಡಿ ಒತ್ತಿದರೆ ಅಂಬಿಗನೇ ಮುಗ್ಗರಿಸುತ್ತಾನೆ. ಎಂಟು ತಿಂಗಳ ದುಡಿಮೆ ಅಲ್ಲಿಗೆ ನೀರಿನಲ್ಲಿ ಹೋಮವಾಯಿತು.

ಟೂರ್ನಮೆಂಟಿಗೆ ಮೊದಲೇ ಹೆಸರು ಕೊಟ್ಟಾಗಿತ್ತು, ತಂಗಿ ಹೋದಳು. ಅಣ್ಣ ಮುಂದಿನ ಕುರ್ಚಿಯಲ್ಲೇ ಕೂತು ನೋಡಿದ. ಎದುರಾಳಿಯನ್ನು ಚೆನ್ನಾಗಿಯೇ ಕೆಡವಿದಳು. ಆದರೆ ಅವಳ ಹೆಬ್ಬೆರಳು ಕಲಿತ ಪಾಠ ಮರೆಯಲೊಲ್ಲದು. ಹಳೆಯ ಕ್ಷಣಕ್ಕೇ ಗುಂಡಿ ಒತ್ತಿತು. ಅಂಬಿಗ ಮುಗ್ಗರಿಸಿದ. ಇನ್ನೊಮ್ಮೆ ಹಾಗೇ ಆಯಿತು, ಮತ್ತೊಮ್ಮೆಯೂ ಹಾಗೇ. ಹತ್ತು ನಿಮಿಷದಲ್ಲಿ ಅವಳ ಆಟ ಮುಗಿಯಿತು.

“ತಪ್ಪಾಯ್ತು ಕಣೇ,” ಎಂದ ಅಣ್ಣ, ವಾಪಸ್ ಬರುವಾಗ ಬಸ್ಸಿನಲ್ಲಿ.

“ಇರ್ಲಿ ಬಿಡಣ್ಣ,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ನಾಲ್ಕು ಮಾತು ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಅವನು ಪಟ್ಟಿ ಮಾಡುವುದನ್ನೇ ಬಿಟ್ಟ. ಊರು ಕೊಳ್ಳೆ ಹೊಡೆದ ಮೇಲೆ ಬಂದ ಬುದ್ಧಿ ಅದು. ತಂಗಿ ಮನೆಯಲ್ಲಿ ಮೊದಲಿನಂತೆಯೇ ಇದ್ದಳು, ಬಡಿಸುತ್ತಿದ್ದಳು, ನಗುತ್ತಿದ್ದಳು, ಅವನ ಅಂಗಿಯ ಕಾಲರ್ ಸರಿಮಾಡುತ್ತಿದ್ದಳು. ಆಡುವಾಗ ಮಾತ್ರ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಗಿಲು ತಟ್ಟಿದರೆ ಒಳಗಿನ ಟಕಟಕ ನಿಲ್ಲುತ್ತಿತ್ತು.

“ಏನು ಪ್ರಾಕ್ಟೀಸು?” ಎಂದು ಒಮ್ಮೆ ಕೇಳಿದ್ದ.

“ಏನಿಲ್ಲಣ್ಣ, ಸುಮ್ನೆ,” ಎಂದಿದ್ದಳು.

ಮರುವರ್ಷದ ಟೂರ್ನಮೆಂಟಿನಲ್ಲಿ ಅವಳು ಅದೇ ಅಂಬಿಗನೊಂದಿಗೆ ಫೈನಲ್ ತಲುಪಿದಳು. ಕೊನೆಯ ಸುತ್ತಿನಲ್ಲಿ ಮುದುಕ ಹುಟ್ಟನ್ನು ನೆಲಕ್ಕೆ ಊರಿ, ಅದರ ಮೇಲೇರಿ, ಎದುರಾಳಿಯ ತಲೆಯ ಮೇಲಿಂದ ಹಾರಿ ಬೆನ್ನ ಹಿಂದೆ ಇಳಿದ. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಇಡೀ ಹಾಲ್ ಎದ್ದು ನಿಂತಿತು. ಪಕ್ಕದವನು ಅಣ್ಣನ ಭುಜ ಹಿಡಿದು ಅಲ್ಲಾಡಿಸಿದ.

“ಮೇಷ್ಟ್ರೇ, ನಿಮ್ಮ ತಂಗಿ ಅಲ್ವಾ? ನಿಮಗೆ ಮೊದಲೇ ತೋರಿಸಿರ್ತಾರೆ, ಒಂದು ಮಾತೂ ಹೇಳಲಿಲ್ವಲ್ಲ ನೀವು.”

“ಇಲ್ಲಪ್ಪ,” ಎಂದ ಅವನು. “ನಾನೂ ಈಗಲೇ ನೋಡ್ತಿರೋದು.”