ಸೇತುವೆ ದಾಟಿದ ಮೇಲೆ

ಓಸ್ಮೋ ಕಣ್ಣು ಬಿಟ್ಟಾಗ ಮೂಗಿನ ನೇರಕ್ಕೆ ಸೈಕಲ್ಲಿನ ಚಕ್ರವಿತ್ತು. ಅದು ತಿರುಗುತ್ತಿರಲಿಲ್ಲ. ಅದರಾಚೆ ಉಣ್ಣೆಯ ಕೆಂಪು ಟೋಪಿ ಹಾಕಿದ್ದ ಹೆಂಗಸೊಬ್ಬಳು ಮಂಡಿಯೂರಿ ಕೂತಿದ್ದಳು. ಇನ್ನೂ ಹೊತ್ತು ಮೂಡಿರಲಿಲ್ಲ; ಅವಳ ಉಸಿರು ಬೀದಿದೀಪದ ಬೆಳಕಿನಲ್ಲಿ ಹೊಗೆಯ ಹಾಗೆ ಏಳುತ್ತಿತ್ತು.

"ಏಳ್ಬೇಡಿ, ಏಳ್ಬೇಡಿ. ಕೈಕಾಲು ಎಲ್ಲ ಆಡುತ್ತಾ ನೋಡ್ಕೊಳ್ಳಿ ಮೊದ್ಲು," ಎಂದಳು.

ಎಲ್ಲ ಆಡುತ್ತಿದ್ದವು. ಬಲಮೊಣಕೈ ಮಾತ್ರ ಉರಿಯುತ್ತಿತ್ತು. ಓಸ್ಮೋ ಮೆಲ್ಲಗೆ ಎದ್ದು ಹಿಮದ ದಿಬ್ಬಕ್ಕೆ ಒರಗಿ ಕೂತ.

"ಇವತ್ತು ಏನು ವಾರ, ಹೇಳಿ ನೋಡೋಣ."

"ಗುರುವಾರ. ಬಟಾಣಿ ಸಾರಿನ ದಿನ."

ಹೆಂಗಸು ನಕ್ಕುಬಿಟ್ಟಳು. "ಸರಿ ಬಿಡಿ, ತಲೆ ನೆಟ್ಟಗಿದೆ. ಆ ಸಾರು ಮಾಡೋಕೇ ಹೊರಟಿದ್ದು ನಾನು. ಶಾಲೆ ಅಡುಗೆಮನೇಲಿ ಕೆಲ್ಸ. ತೆಲ್ಲೆರ್ವೋ ಅಂತ ನನ್ನ ಹೆಸ್ರು." ಸೈಕಲ್ ಎತ್ತಿ ನಿಲ್ಲಿಸಿ, ಸೀಟಿನ ಮೇಲಿನ ಹಿಮವನ್ನು ಕೈಗವಸಿನಿಂದ ಹೊಡೆದು ಉದುರಿಸಿದಳು. "ನಿಮ್ದೇನೂ ತಪ್ಪಿಲ್ಲ. ಈ ಹಿಮ ತಳ್ಳೋ ಟ್ರ್ಯಾಕ್ಟರಿನೋರಿಗೆ ದೇವ್ರು ಕಣ್ಣೇ ಕೊಟ್ಟಿಲ್ಲ. ರಸ್ತೇದನ್ನೆಲ್ಲ ತಂದು ನಮ್ಮ ದಾರಿಗೆ ಗುಡ್ಡೆ ಹಾಕ್ತಾರೆ. ಒಂದಿನ ಅವರನ್ನೂ ಸೈಕಲ್ ಮೇಲೆ ಕೂರಿಸಿ ಓಡಿಸ್ಬೇಕು, ಆಗ ಗೊತ್ತಾಗುತ್ತೆ."

ಓಸ್ಮೋ ಮೊಣಕೈ ಉಜ್ಜಿಕೊಂಡ. ಔಲು ಪಟ್ಟಣದ ಇದೇ ದಾರಿಯ ಹಿಮವನ್ನು ಪ್ರತಿ ಚಳಿಗಾಲವೂ ಟ್ರ್ಯಾಕ್ಟರಿನಲ್ಲಿ ತಳ್ಳುತ್ತ ಬಂದವನು ಅವನೇ. ಕಳೆದ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಕುರ್ಚಿಯಿಂದ ಜಾರಿ ಬಿದ್ದ. ಅಡುಗೆಮನೆಯ ನೆಲದ ಮೇಲೆ ಮೈಯೆಲ್ಲ ಸೆಟೆದು ಅದುರುತ್ತಿದ್ದುದನ್ನು ಅವನು ಕಾಣಲಿಲ್ಲ; ಕಂಡವಳು ಹೆಂಡತಿ ಸಿರ್ಕಾ. ಮೂರ್ಛೆರೋಗವೆಂದು ಖಚಿತವಾಗಿ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು, ಗಾಡಿ ಓಡಿಸುವುದನ್ನು ನಿಲ್ಲಿಸಿದರು. ಮತ್ತೊಮ್ಮೆ ಬಾರದಿದ್ದರೆ ನಡುಚಳಿಗಾಲದ ಹೊತ್ತಿಗೆ ಟ್ರ್ಯಾಕ್ಟರ್ ಹತ್ತಬಹುದು ಎಂದಿದ್ದರು. ಬರುವ ಸೋಮವಾರ ಅವರಿಗೆ ತೋರಿಸಿಕೊಳ್ಳಬೇಕಿತ್ತು.

ಅಲ್ಲಿಯವರೆಗೆ ಟ್ರ್ಯಾಕ್ಟರುಗಳು ನಿಲ್ಲುವ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ. ಹೆಂಡತಿ ಕಾರಿನಲ್ಲಿ ತಂದು ಗೇಟಿನ ಮುಂದೆ ಇಳಿಸಿ ಹೋಗುವುದು ಎಂದರೆ ಮಾನ ಹೋದಂತೆಯೇ. ಸೈಕಲ್ಲಿಗೆ ಲೈಸೆನ್ಸು ಯಾರೂ ಕೇಳುವುದಿಲ್ಲ. ಸಿರ್ಕಾಳ ಬುಟ್ಟಿ ಕಟ್ಟಿದ ಹಳೆಯ ಸೈಕಲ್ಲನ್ನೇ ಹತ್ತಿದ. ಕಾಯಿಲೆಯ ಸಂಗತಿ ಮೇಲಿನವರಿಗಷ್ಟೇ ಗೊತ್ತಿತ್ತು. ಉಳಿದವರಿಗೆ, "ಹೊಟ್ಟೆ ಕರಗಿಸ್ಬೇಕಂತೆ, ಅಲ್ಲಿವರೆಗೆ ಕೂತು ಮಾಡೋ ಕೆಲ್ಸ ಬೇಡ ಅಂದವ್ರೆ ಡಾಕ್ಟ್ರು," ಎಂದು ಹೇಳಿಕೊಂಡಿದ್ದ.

"ನಾನು ಬಿದ್ದಿದ್ದು ನೋಡಿದ್ರಾ ನೀವು?" ಎಂದು ಕೇಳಿದ.

"ಇಲ್ಲಪ್ಪ, ನಾನು ಹಿಂದೆ ಇದ್ದೆ. ತಿರುವಿಗೆ ಬಂದಾಗ ಬಿದ್ದಿದ್ರಿ. ಕಾಲು ಒದೀತಾ ಇದ್ರಿ. ಏಳೋಕೆ ಒದ್ದಾಡ್ತಿದಾರೆ ಅಂದ್ಕೊಂಡೆ." ತೆಲ್ಲೆರ್ವೋ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವಳು ಹೊರಟ ಮೇಲೆ ಓಸ್ಮೋ ಸೈಕಲ್ ತಳ್ಳಿಕೊಂಡು ನಡೆದ. ಸೇತುವೆ ನೆನಪಿತ್ತು. ಕೆಳಗೆ ಹೆಪ್ಪುಗಟ್ಟಿದ ನದಿ, ಮುಂದೆ ಹೋಗುತ್ತಿದ್ದ ಯಾವುದೋ ಹುಡುಗಿಯ ಸೈಕಲ್ಲಿನ ಕೆಂಪು ದೀಪ, ಎಲ್ಲ ನೆನಪಿತ್ತು. ಸೇತುವೆಯಿಂದ ಶಾಲೆಯ ತಿರುವಿನವರೆಗಿನ ದಾರಿ ಮಾತ್ರ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಹಿಮದ ಗುಡ್ಡೆಗೆ ಚಕ್ರ ಸಿಕ್ಕಿ ಬಿದ್ದು ತಲೆಗೆ ಪೆಟ್ಟಾದರೂ ಹೀಗೆ ಮರೆಯಬಹುದು. ನಿಂತು ಹೆಲ್ಮೆಟ್ ತೆಗೆದು ದೀಪದಡಿ ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ. ಬಾಯಲ್ಲಿ ರಕ್ತದ ರುಚಿ. ನಾಲಿಗೆಯ ಎಡ ಅಂಚು ಕಚ್ಚಿಹೋಗಿತ್ತು. ಬಿದ್ದವರು ನಾಲಿಗೆ ಕಚ್ಚಿಕೊಳ್ಳುವುದುಂಟು ಎಂದು ತನಗೆ ತಾನೇ ಹೇಳಿಕೊಂಡ. ಡಿಪೋ ಮುಟ್ಟುವವರೆಗೂ ಅದನ್ನೇ ಹೇಳಿಕೊಂಡ.

ಅವನ ಟ್ರ್ಯಾಕ್ಟರನ್ನು ಈಗ ಓಡಿಸುತ್ತಿದ್ದವಳು ಹೆನ್ನಾ. ಹಿಂದೆ ಸಿಟಿ ಬಸ್ ಓಡಿಸುತ್ತಿದ್ದವಳು, ಮೋಟು ಆಳು, ದೊಡ್ಡ ಬಾಯಿ.

"ಏನಯ್ಯಾ, ಬೆನ್ನೆಲ್ಲ ಹಿಮ? ದಾರೀಲೇ ಹಾಸಿಗೆ ಹಾಸ್ಕೊಂಡ್ಯಾ?"

"ನೀನು ಬಿಟ್ಟುಹೋದ ಗುಡ್ಡೆ ಕಣೇ. ಶಾಲೆ ತಿರುವಿನಲ್ಲಿ."

"ಸುಳ್ಳು ಹೇಳ್ಬೇಡ. ಆ ತಿರುವನ್ನ ನಾನು ನಾಲ್ಕು ಗಂಟೆಗೇ ಕೆರೆದಿದೀನಿ. ನೆಲ ನೆಕ್ಕೋ ಹಂಗಿದೆ." ಹೆನ್ನಾ ಕೈಗವಸು ಕಳಚುತ್ತ ದನಿ ತಗ್ಗಿಸಿದಳು. "ಮುಂದಿನ ವಾರ ಬರ್ತೀಯಲ್ಲ, ಬೇಗ ಬಾ ಮಾರಾಯ. ಸೀಟು ನಿನ್ನ ಕಾಲುದ್ದಕ್ಕೆ ಹಾಕಿಡ್ತೀನಿ. ರಾತ್ರಿ ಪಾಳಿ ಮಾಡಿ ಮಾಡಿ ನನ್ನ ಮಕ್ಳು ನನ್ನ ಮುಖಾನೇ ಮರೆತಿದಾರೆ."

ಓಸ್ಮೋ ನಗಲು ನೋಡಿದ. ದಿನವಿಡೀ ಹಿಮ ಕೆರೆದು ಸವೆದ ಟ್ರ್ಯಾಕ್ಟರಿನ ಹಲಗೆ ಬಿಚ್ಚಿ ಹೊಸದನ್ನು ಬಿಗಿಯುವ ಕೆಲಸ. ಕೈ ತನ್ನ ಪಾಡಿಗೆ ಮಾಡುತ್ತಿತ್ತು. ನೆಲ ನೆಕ್ಕುವ ಹಾಗಿದ್ದ ತಿರುವಿನಲ್ಲಿ ತಾನು ಬಿದ್ದದ್ದು ಹೇಗೆ ಎಂಬುದು ಮಾತ್ರ ತಲೆಯಿಂದ ಇಳಿಯಲಿಲ್ಲ. ಅದನ್ನು ಕಂಡವರು ಯಾರೂ ಇರಲಿಲ್ಲ. ಅವನು ಬಾಯಿ ಬಿಡದಿದ್ದರೆ ಅದು ಆಗಿರಲೇ ಇಲ್ಲ.

ಸಂಜೆ ಸಿರ್ಕಾ ಬಟಾಣಿ ಸಾರು ಬಡಿಸಿ ಸಾಸಿವೆ ಗೊಜ್ಜಿನ ಟ್ಯೂಬನ್ನು ಅವನ ಕಡೆ ಸರಿಸಿದಳು. ಅವನು ಹಾಕಿಕೊಳ್ಳಲಿಲ್ಲ. ಚಮಚವನ್ನು ಬಾಯಿಯ ಬಲಗಡೆಗೇ ಒಯ್ಯುತ್ತಿದ್ದ. ಅವಳು ರೈ ರೊಟ್ಟಿಗೆ ಬೆಣ್ಣೆ ಸವರುತ್ತ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಾಕು ಕೆಳಗಿಟ್ಟಳು.

"ನಾಲಿಗೆ ತೋರ್ಸು."

"ಏನೇ ಇದು, ನಾನೇನು ಮಗೂನಾ?"

"ತೋರ್ಸು ಓಸ್ಮೋ."

ತೋರಿಸಿದ. ಸಿರ್ಕಾ ಮೇಜಿನ ಮೇಲೆ ಬಾಗಿ ದೀಪಕ್ಕೆ ಅಡ್ಡವಾಗದಂತೆ ನೋಡಿ ಮತ್ತೆ ಕೂತಳು. ಅಂದು ಅಡುಗೆಮನೆಯ ನೆಲದಲ್ಲಿ ಅವನ ಬಾಯಿಂದ ರಕ್ತ ಒರೆಸಿದವಳು ಅವಳೇ.

"ಎಲ್ಲಿ?"

"ಶಾಲೆ ಹತ್ರ. ಜಾರಿ ಬಿದ್ದೆ."

"ಜಾರಿದ್ದು ನೆನಪಿದ್ಯಾ?"

ಅವನು ಸಾರನ್ನು ಕಲಕಿದ. "ಇಲ್ಲ," ಎಂದ.

ಸಿರ್ಕಾ ಅಳಲಿಲ್ಲ, ಬೈಯಲಿಲ್ಲ. "ಸೋಮವಾರ ಡಾಕ್ಟ್ರು ಕೇಳೋದು ನಿನ್ನನ್ನ. ನಾನು ನಡುವೆ ಬಾಯಿ ಹಾಕಲ್ಲ," ಎಂದಷ್ಟೇ ಹೇಳಿದಳು. ಅವನ ತಟ್ಟೆಗೆ ಮತ್ತೊಂದು ಸೌಟು ಸಾರು ಹಾಕಿದಳು. "ಆರ್ಸಿಕೊಂಡು ತಿನ್ನು."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೋಮವಾರ ಪರೀಕ್ಷೆಯ ಫಲವೆಲ್ಲ ಚೆನ್ನಾಗಿದೆ ಎಂದು ನಗುತ್ತಲೇ ಶುರುಮಾಡಿದಳು. "ಮತ್ತೆ ಏನಾದ್ರೂ ಆಯ್ತಾ? ತಲೆ ಸುತ್ತೋದು, ಎಚ್ಚರ ತಪ್ಪೋದು?" ಅವಳ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು. ಇಲ್ಲ ಎಂಬುದು ಎರಡೇ ಅಕ್ಷರ. ಸಿರ್ಕಾ ಪಕ್ಕದ ಕುರ್ಚಿಯಲ್ಲಿ ಕಿಟಕಿ ನೋಡುತ್ತ ಕೂತಿದ್ದಳು. ಹೊರಗೆ ಶಾಲೆಗೆ ಹೊರಟ ಮಕ್ಕಳು ಒಬ್ಬರ ಹಿಂದೊಬ್ಬರು ಸೈಕಲ್ ತುಳಿಯುತ್ತಿದ್ದರು.

"ಗುರುವಾರ ಬಿದ್ದೆ," ಎಂದ ಓಸ್ಮೋ. "ಸೇತುವೆ ದಾಟಿದ ಮೇಲೆ ಏನೂ ಗೊತ್ತಿಲ್ಲ."

ಡಾಕ್ಟರ ನಗು ಇಳಿಯಿತು. ಒಂದೊಂದಾಗಿ ಎಲ್ಲ ಕೇಳಿದಳು, ನಾಲಿಗೆ ನೋಡಿದಳು, ಮಾತ್ರೆ ಹೆಚ್ಚಿಸಿದಳು. ಈ ಚಳಿಗಾಲಕ್ಕಂತೂ ಟ್ರ್ಯಾಕ್ಟರಿನ ಮಾತಿಲ್ಲ, ಮುಂದಿನದನ್ನು ಈಗಲೇ ಹೇಳಲಾಗದು ಎಂದಳು. ಸೈಕಲ್ಲನ್ನೂ ಕೆಲವು ವಾರ ಮುಟ್ಟಬೇಡಿ ಎಂದಳು. ಮಧ್ಯಾಹ್ನ ಓಸ್ಮೋ ಡಿಪೋಗೆ ಹೋಗಿ ಹೆನ್ನಾಗೆ ಇದ್ದದ್ದನ್ನು ಇದ್ದಂತೆ ಹೇಳಿದ. ದೊಡ್ಡ ಬಾಯಿಯ ಹೆನ್ನಾ ಕೈಗವಸು ಕಳಚಿ ಮತ್ತೆ ಹಾಕಿಕೊಂಡಳು. ಕೊನೆಗೆ, "ಹಂಗಾದ್ರೆ ಹೊಟ್ಟೆ ಕರಗೋದು ಸುಳ್ಳಾ?" ಎಂದಳು. ಇಬ್ಬರೂ ನಕ್ಕರು, ನಕ್ಕು ಬೇರೆ ಬೇರೆ ಕಡೆ ನೋಡಿದರು.

ಆ ವಾರವೆಲ್ಲ ಸಿರ್ಕಾ ಅವನನ್ನು ಗೇಟಿನ ಮುಂದೆಯೇ ಇಳಿಸಿದಳು. ಯಾರೂ ಏನೂ ಅನ್ನಲಿಲ್ಲ.

ಮಾರ್ಚಿನಲ್ಲಿ ಡಾಕ್ಟರು ಒಪ್ಪಿದ ಮೇಲೆ ಓಸ್ಮೋ ಮತ್ತೆ ಸೈಕಲ್ ಹತ್ತಿದ. ಮೊದಲ ದಿನ ಸಂಜೆ ಮನೆಗೆ ಬಂದಾಗ, ದಿನವೂ ಶೆಡ್ಡಿನೊಳಗೆ ನಿಲ್ಲುತ್ತಿದ್ದ ಕಾರು ಅಂಗಳದಲ್ಲಿ, ಹಿಮ ಬೀಳುವ ಬಯಲಿನಲ್ಲೇ ನಿಂತಿತ್ತು. ಇಂಜಿನ್ ಬೆಚ್ಚಗಿಡುವ ಕರಿ ವೈರನ್ನು ಸಿರ್ಕಾ ಶೆಡ್ಡಿನ ಗೋಡೆಯಿಂದ ಅಲ್ಲಿಯವರೆಗೆ ಎಳೆದು ಸಿಕ್ಕಿಸಿದ್ದಳು. ಶೆಡ್ಡಿನೊಳಗೆ ಗುಡಿಸಿದ ಒಣ ನೆಲ, ಮೇಲೆ ಉರಿಯುವ ದೀಪ. ಓಸ್ಮೋ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ನಟ್ಟನಡುವೆ ನಿಲ್ಲಿಸಿದ. ಮಡ್‌ಗಾರ್ಡಿಗೆ ಅಂಟಿದ್ದ ಹಿಮ ಹೆಂಟೆ ಹೆಂಟೆಯಾಗಿ ಕಳಚಿ ನೆಲಕ್ಕೆ ಬೀಳತೊಡಗಿತು.